ತಂತಿಗೆ ಸಿಕ್ಕಿದ ಪಂಚಕಜ್ಜಾಯ

ತೊಂಬತ್ತರ ದಶಕ. ದೇವರಾಜ ಮೊಹಲ್ಲಾದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದೆ. "ಇನ್ನೊಂದು ಸಲ ತಂತೀಲಿ ಅಗುಳು ಕಂಡ್ರೆ ಬಿಚ್ಚಿಬಿಡ್ತೀನಿ ನೋಡಮ್ಮ," ಎಂದು ಡಾಕ್ಟರು ಗದರಿದ್ದರು.

ಮತ್ತೆ ಅವರಲ್ಲಿಗೆ ಹೊರಟ ಸಂಜೆ, ದಾರಿಯ ಗಣಪತಿ ಗುಡಿಯಲ್ಲಿ ಪಂಚಕಜ್ಜಾಯ ಕೊಟ್ಟರು. ಪ್ರಸಾದವನ್ನು ಬೇಡ ಅನ್ನುವುದುಂಟೇ? ಕಣ್ಣಿಗೊತ್ತಿಕೊಂಡು ತಿಂದೆ. ಕೊಬ್ಬರಿಯೆಲ್ಲ ತಂತಿಗೆ ಸಿಕ್ಕಿಕೊಂಡಿತು. ಹೊರಗಿನ ನಲ್ಲಿಯ ಹತ್ತಿರ ನಿಂತು, ಬ್ಯಾಗಿನಲ್ಲಿದ್ದ ಪುಟ್ಟ ಬ್ರಷ್ಷಿನಿಂದ ಸಂದಿಗಳನ್ನು ಉಜ್ಜಿ, ನೀರು ಮುಕ್ಕಳಿಸಿ ಇನ್ನೇನು ಉಗುಳಬೇಕು, ಹೂ ಮಾರುವ ಅಜ್ಜಿ ಕೂಗಿದರು: "ಅಯ್ಯೋ, ಪ್ರಸಾದ ಉಗುಳ್ತೀಯೇನವ್ವ?"

ನನಗೂ ಅದೇ ಅಳುಕು. ಬಾಯಿ ತುಂಬ ನೀರು ಇಟ್ಟುಕೊಂಡೇ ಅಜ್ಜಿಯ ಕಡೆ ತಿರುಗಿದೆ.

"ನುಂಗ್ಬುಡು. ತೀರ್ಥ ಅನ್ಕೋ."

ನುಂಗಿದೆ. ಅಜ್ಜಿ ಎದ್ದು ಬಂದು ನನ್ನ ಬಾಯೊಳಗೆ ಇಣುಕಿದರು. "ಎಡಗಡೆ ಇನ್ನೂ ಐತೆ, ಉಜ್ಜು." ಉಜ್ಜಿದೆ, ಮತ್ತೆ ನುಂಗಿದೆ. ಅವರು ತಲೆಯಾಡಿಸುವವರೆಗೂ ಬಿಡಲಿಲ್ಲ.

"ಇವತ್ತು ನೋಡಮ್ಮ, ಒಂದು ಚೂರೂ ಇಲ್ಲ!" ಎಂದರು ಡಾಕ್ಟರು.

ತಂತಿ ಬಿಚ್ಚಿ ಎಷ್ಟೋ ವರ್ಷವಾಯಿತು, ಅಜ್ಜಿಯೂ ಈಗಿಲ್ಲ. ಪ್ರಸಾದ ತಿಂದು ಬಾಯಿ ಮುಕ್ಕಳಿಸಿದರೆ ಇಂದಿಗೂ ನುಂಗಿಬಿಡುತ್ತೇನೆ. ಒಂದೇ ದಂತದ ಗಣಪನಿಗೆ ತಂತಿಯ ಕಷ್ಟ ಎಷ್ಟು ತಿಳಿದಿತ್ತೋ, ನನ್ನ ಅಷ್ಟೂ ಹಲ್ಲುಗಳನ್ನು ಮಾತ್ರ ಕಾಪಾಡಿದ.