ಮುಚ್ಚಳದ ಒಳಗಿನ ತಾರೀಕು

ಕುವೈತ್ ಸಿಟಿಯ ಹಳೆ ಸೂಕ್ ಮಾರುಕಟ್ಟೆಯ ಮೆಟ್ಟಿಲಡಿಯಲ್ಲಿ ವಾಚ್ ರಿಪೇರಿ ಮಾಡುವ ಹಂಝಾಕ, ಯಾರಾದರೂ ಸ್ಟಾಪ್‌ವಾಚ್ ಇರುವ ಸೆಕೆಂಡ್ ಹ್ಯಾಂಡ್ ಕ್ರೋನೋಗ್ರಾಫ್ ವಾಚ್ ತಂದರೆ ಸಾವಿನ ಮನೆಗೆ ಬಂದವರಂತೆ ಮುಖ ಮಾಡುತ್ತಾರೆ. ಕೀ ಕೊಟ್ಟು ಕಿವಿಗಿಟ್ಟು, "ಓಡ್ತದೆ, ಆದ್ರೆ ಎಣ್ಣೆ ಒಣಗಿದೆ. ಐದು ವರ್ಷಕ್ಕೊಮ್ಮೆ ಬಿಚ್ಚಿ ತೊಳಿಸ್ಲಿಕ್ಕೆ ನಿಮಗೇನು ಕಷ್ಟ?" ಎಂದು ಅದನ್ನು ನಿನ್ನೆಯಷ್ಟೇ ಕೊಂಡವನನ್ನೂ ಬೈಯುತ್ತಾರೆ. ಸ್ಟಾಪ್‌ವಾಚಿನ ಗುಂಡಿ ಒಮ್ಮೆ ಒತ್ತಿದರೆ ಸಾಕು, ಹಿಂದಿನ ಯಜಮಾನ ಮುಂಗೋಪಿಯೋ ಜುಗ್ಗನೋ ಹೇಳಿಬಿಡುತ್ತಾರೆ. ಸರ್ವಿಸ್ ಮುಗಿದ ಮೇಲೆ ಹಿಂಬದಿಯ ಮುಚ್ಚಳದೊಳಗೆ ಸೂಜಿಯಿಂದ ತಾರೀಕು ಗೀಚಿ, ಮುಂದಿನ ಸಲಕ್ಕೆಂದು ಕೆಳಗೆ ಜಾಗ ಬಿಡುತ್ತಾರೆ. ಆ ಜಾಗಕ್ಕೆ ವಾಪಸು ಬರುವವರು ಕಡಿಮೆ. ಮೊನ್ನೆ ರುಮೈಥಿಯಾದ ಬಾಸಿತ್ ತಂದ ವಾಚನ್ನು ಬೈಯುತ್ತಲೇ ಬಿಚ್ಚಿದವರು ಮುಚ್ಚಳವನ್ನು ಬೆಳಕಿಗೆ ಹಿಡಿದರು. ಒಳಗೆ ತಮ್ಮದೇ ಕೈಯ ನಾಲ್ಕು ತಾರೀಕುಗಳು, ಸರಿಯಾಗಿ ಐದೈದು ವರ್ಷಕ್ಕೊಂದು. ಅಷ್ಟು ಕಟ್ಟುನಿಟ್ಟಿನ ಗಿರಾಕಿ ಅವರಿಗೆ ಕೊನ್ರಾಡ್ ಒಬ್ಬರೇ. "ಯಾರು ಮಾರಿದ್ದು?" "ಒಬ್ರು ಆಂಟಿ. ಗಂಡನ ಸಾಮಾನೆಲ್ಲ ಕೊಟ್ಟು ಊರಿಗೆ ಹೋಗ್ತಿದ್ದಾರೆ. ಇದನ್ನು ನಂಬಬಹುದಾ, ಹಂಝಾಕ?" "ನಂಬಬಹುದು. ಇವರು ಒಂದು ಸರ್ತಿಯೂ ತಪ್ಪಿಸಿದವರಲ್ಲ," ಎಂದ ಹಂಝಾಕ, ವಾಚ್ ತೊಳೆದು ಎಣ್ಣೆ ಹಾಕಿದ ಮೇಲೆ ಸೂಜಿ ಹಿಡಿದು, ಕೊನ್ರಾಡರಿಗೆಂದು ಬಿಟ್ಟಿದ್ದ ಜಾಗದಲ್ಲಿ, ಹೊಸ ತಾರೀಕಿಗೆ ಮೊದಲು ಒಂದು ಗೆರೆ ಎಳೆದರು.