ಯಾರೂ ಕೇಳದ ಮಾತು

ಹೊಸ ಹತ್ತಿ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆಗೆ ಇವತ್ತಿಗೂ ನಾನು ನಿಂತಲ್ಲೇ ನಿಂತುಬಿಡುತ್ತೇನೆ. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ, ಅಪ್ಪ, ಕಾಕಾ ನೆಲದ ಕುಣಿಗಳಲ್ಲಿ ಕಾಲು ಇಳಿಬಿಟ್ಟು ಮಗ್ಗ ನೇಯುತ್ತಿದ್ದರು. ಮುಂಡರಗಿಗೆ ಕೊಟ್ಟಿದ್ದ ಅಪ್ಪನ ತಂಗಿ ಕಮಲತ್ತೆ ಒಂದು ಮಧ್ಯಾಹ್ನ ಕೈಚೀಲ ಹಿಡಿದು ಒಬ್ಬಳೇ ಬಂದಳು. ಅವಳ ತಾಯಿ, ನಮ್ಮ ಆಯಿ, ಮುಖ ನೋಡಿ, "ಕೈಕಾಲ ತೊಳಕೊ, ರೊಟ್ಟಿ ಬಿಸಿ ಅದಾವು" ಎಂದಳು. ಅಷ್ಟೇ. ಕೆಲವು ದಿನಗಳಲ್ಲಿ ಅಜ್ಜ ಗೋಡೆಯ ಪಕ್ಕ ಇನ್ನೊಂದು ಕುಣಿ ತೋಡಿಸಿ ಅವಳಿಗೊಂದು ಮಗ್ಗ ಹೂಡಿಕೊಟ್ಟ. ಅತ್ತೆ ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಹಬ್ಬಕ್ಕೂ ಹಳೆಯ ಸೀರೆಯನ್ನೇ ಉಟ್ಟು, ಮಗ್ಗದ ಹಲಗೆಯ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅದಕ್ಕೂ ಯಾರ ತಕರಾರಿರಲಿಲ್ಲ. ಓಣಿಯ ಹೆಂಗಸರು ಕೆದಕಲು ಬಂದರೆ ಆಯಿ ಬಾಗಿಲಲ್ಲೇ ತಡೆಯುತ್ತಿದ್ದಳು. "ಆಕಿ ಬಾಳೇವು ಆಕಿದು. ಕೇಳಾಕ ನಾವೇನ ಪೊಲೀಸರೇನ? ನಿಮ್ಮ ಒಲಿ ಮ್ಯಾಲ ಹಾಲ ಉಕ್ಕತಾವು, ನಡೀರಿ."

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮಗ್ಗದ ಸದ್ದಿನಲ್ಲೇ ಓದಿ ಪಾಸಾದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ, ಒಬ್ಬೊಬ್ಬರನ್ನೂ ಅವರಿದ್ದ ಹಾಗೆಯೇ ಗೌರವಿಸಬೇಕು ಎಂದು ಮಾತಾಡಿ, ನಮ್ಮ ಮನೆಯನ್ನೇ ಉದಾಹರಣೆ ಕೊಟ್ಟೆ. ಚಪ್ಪಾಳೆ ಬಿತ್ತು. ಅದೇ ಹುರುಪಿನಲ್ಲಿ ಬಂದು ಅತ್ತೆಗೆ ಹೇಳಿದೆ. ಅಷ್ಟರಲ್ಲಿ ಅಜ್ಜ, ಆಯಿ ಇಬ್ಬರೂ ತೀರಿಹೋಗಿದ್ದರು. ಅತ್ತೆ ಲಾಳಿ ನಿಲ್ಲಿಸಿದಳು.

"ಖರೆ, ಛಲೋ ಮಂದಿ. ಆದ್ರ ಒಬ್ಬರರ ಕೇಳ್ತಾರ ಅಂತ ಭಾಳ ವರ್ಷ ಕಾದ್ನೆವ್ವಾ."

"ಹಂಗಾರ ಈಗ ನಾ ಕೇಳ್ತೀನಿ. ಹೇಳ ಅತ್ತಿ."

"ಕಾಲೇಜ ಕಲತಿ ಅಂತ ತನಿಖಿ ಮಾಡಾಕ ಬಂದೇನ? ಹೋಗ್ ಹೋಗ್, ನೂಲಿನ ಕಂಡಿಕಿ ತಗೊಂಬಾ" ಎಂದು ನಕ್ಕುಬಿಟ್ಟಳು.

ಅವಳೂ ತೀರಿಹೋದಳು, ಯಾಕೆ ಬಂದೆನೆಂದು ಹೇಳದೆಯೇ. ಮಗ್ಗಗಳು ಹೋದವು, ಕುಣಿಗಳನ್ನು ಮುಚ್ಚಿ ಯಾರೋ ಫರಸಿ ಕಲ್ಲು ಹಾಸಿದ್ದಾರೆ. ಆಯಿ ಕೇಳದೆ ಬಿಟ್ಟದ್ದು ಮಗಳಿಗೆ ಕೊಟ್ಟ ಮರ್ಯಾದೆಯೋ, ಕೇಳಿದರೆ ಏನು ಕೇಳಬೇಕಾದೀತೋ ಎಂಬ ಅಂಜಿಕೆಯೋ, ನನಗೆ ಇನ್ನೂ ತಿಳಿದಿಲ್ಲ. ಎರಡೂ ಇದ್ದಿರಬಹುದು. ನಿಮ್ಮ ಮನೆಯಲ್ಲೂ ಹೀಗೊಬ್ಬರಿದ್ದರೆ, ನೀವಾದರೂ ಏನು ಮಾಡಿದಿರಿ?

ಚಿಕ್ಕವಳಿದ್ದಾಗ ನೂಲು ಸುತ್ತಿದ ಕಂಡಿಕೆಗಳನ್ನು ಅತ್ತೆಯ ಮುಂದೆ ಇಡುವುದು ನನ್ನ ಕೆಲಸ. ನಾನು ಹತ್ತಿರ ಹೋದರೆ ಅವಳ ಮಗ್ಗ ಒಂದು ಗಳಿಗೆ ನಿಲ್ಲುತ್ತಿತ್ತು. ಮುಖವೆತ್ತಿ ನನ್ನನ್ನೇ ನೋಡುತ್ತಿದ್ದಳು. ಕಂಡಿಕೆ ಸಾಲಲಿಲ್ಲವೇನೋ ಎಂದುಕೊಂಡು ಇನ್ನಷ್ಟು ತರಲು ಓಡುತ್ತಿದ್ದೆ. ಬೆನ್ನ ಹಿಂದೆ ಮಗ್ಗ ಮತ್ತೆ ಶುರುವಾಗುತ್ತಿತ್ತು.