ಇಪ್ಪತ್ತೊಂಬತ್ತು ಮೀನು ಮತ್ತು ದೊಡ್ಡಮ್ಮನ ಕೈ

ಆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬರುವವರೆಲ್ಲ ಅವಳನ್ನು ಟೋಕನ್ ಅಕ್ಕ ಅಂತಲೇ ಕರೆಯುತ್ತಿದ್ದರು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎದುರಿಗೇ ಅವಳ ಮೇಜು. ಕೆನ್ನೆ ಊದಿಸಿಕೊಂಡು ಬಂದವರ ಹೆಸರು, ವಯಸ್ಸು ಬರೆದುಕೊಂಡು, ಅಂಕಿ ಬರೆದ ಬಿಲ್ಲೆ ಕೈಗಿಟ್ಟು, "ಮೀನು ನೋಡ್ತಾ ಕೂತಿರಿ, ಕರೀತೀನಿ" ಅನ್ನುವುದು ಹನ್ನೊಂದು ವರ್ಷದಿಂದ ಅವಳ ಬಾಯಿಪಾಠ.

ಮೀನಿನ ತೊಟ್ಟಿ ಇದ್ದದ್ದು ಕಾಯುವ ಬೆಂಚಿನ ಎದುರು ಗೋಡೆಗೆ. ಮೂರೂವರೆ ಅಡಿ ಉದ್ದ. ಅದನ್ನು ತಂದು ಇಟ್ಟವರು ಡಾಕ್ಟರೇ. ಮೊದಮೊದಲು ಅದರಲ್ಲಿ ಹಣೆ ಉಬ್ಬಿದ ಒಂದು ಕೆಂಪು ಮೀನನ್ನೂ ಜೊತೆಗಿರಲಿ ಅಂತ ಹತ್ತು ಪುಟಾಣಿ ಮೀನುಗಳನ್ನೂ ಬಿಟ್ಟಿದ್ದರು. ಹಲ್ಲು ಕೀಳಿಸಿಕೊಳ್ಳಲು ಬಂದು ಮೊದಲೇ ಜೀವ ಕೈಯಲ್ಲಿ ಹಿಡಿದು ಕೂತವರ ಕಣ್ಣೆದುರಿಗೇ ಆ ಮಹಾರಾಯ ಒಂದೊಂದನ್ನೇ ನುಂಗಿ ಹಾಕಿತು. ಡಾಕ್ಟರಿಗೆ ನಾಚಿಕೆಯಾಗಿ, "ಇದನ್ನ ನೀವೇ ಏನಾದ್ರೂ ಮಾಡ್ರಮ್ಮ" ಅಂದರು. ಅವತ್ತಿನಿಂದ ತೊಟ್ಟಿ ಟೋಕನ್ ಅಕ್ಕನದಾಯಿತು.

ಅವಳು ಕೆಂಪು ಮೀನನ್ನು ಅಂಗಡಿಗೆ ವಾಪಸು ಕೊಟ್ಟಳು. ಒಂದು ತಿಂಗಳು ಬರೀ ನೀರು, ಗಿಡ, ಸೋಸುವ ಯಂತ್ರ ಇಷ್ಟೇ ಇಟ್ಟು ನೀರು ಹದಕ್ಕೆ ಬರುವ ತನಕ ಕಾದಳು. ಬಂದವರು "ಮೀನೇ ಇಲ್ವಲ್ಲಮ್ಮ" ಅಂದರೆ "ಬರ್ತಾ ಇದ್ದಾವೆ, ಟೋಕನ್ ತಗೊಂಡಿದ್ದಾವೆ" ಅನ್ನುತ್ತಿದ್ದಳು. ಆಮೇಲೆ ಅಳೆದು ಸುರಿದು ಮೀನು ಆರಿಸಿದಳು. ಒಂದರ ಬಾಯಲ್ಲಿ ಇನ್ನೊಂದು ಹಿಡಿಸಬಾರದು, ಒಂದರ ರೆಕ್ಕೆ ಇನ್ನೊಂದು ಕಚ್ಚಬಾರದು, ಗುಂಪಲ್ಲಿ ಬದುಕುವ ಮೀನನ್ನು ಒಂಟಿಯಾಗಿ ತರಬಾರದು. ನೀಲಿ ಗೆರೆಯ ನಿಯಾನ್ ಟೆಟ್ರಾ ಹತ್ತು, ತಾಮ್ರದ ಬಣ್ಣದ ರಾಸ್ಬೋರಾ ಆರು, ಜೇನು ಬಣ್ಣದ ಗೌರಾಮಿ ಒಂದು ಜೋಡಿ, ತಳದಲ್ಲಿ ಮರಳು ಕೆದಕುತ್ತ ಓಡಾಡುವ ಮೀಸೆಯ ಕೋರಿ ಮೀನು ಐದು. ಅಂಗಡಿಯವನು ಹುಲಿಪಟ್ಟೆಯ ಬಾರ್ಬ್ ತೋರಿಸಿ "ಇದೂ ಹಾಕಿ ಮೇಡಂ, ಚಟುವಟಿಕೆ ಇರುತ್ತೆ" ಅಂದಾಗ, "ನಮ್ಮಲ್ಲಿ ಬರೋರಿಗೆ ಚಟುವಟಿಕೆ ಬೇಡಪ್ಪ, ನೆಮ್ಮದಿ ಬೇಕು" ಅಂದು ಬಂದಿದ್ದಳು.

ಈ ಮೀನುಗಳನ್ನು ಅವಳಷ್ಟೇ ಹಚ್ಚಿಕೊಂಡಿದ್ದ ಇನ್ನೊಬ್ಬರು, ಕ್ಲಿನಿಕ್ಕಿನಲ್ಲಿ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದವರು. ಅರವತ್ತು ದಾಟಿದ ಹೆಂಗಸು. ಬೆಳಗ್ಗೆ ಏಳಕ್ಕೆ ಬಂದು ಬೀಗ ತೆಗೆದು, ಕಸ ಗುಡಿಸಿ, ನೆಲ ಒರೆಸಿ, ಡಾಕ್ಟರು ಬರುವಷ್ಟರಲ್ಲಿ ಕ್ಲಿನಿಕ್ಕನ್ನು ಕನ್ನಡಿ ಮಾಡಿಡುವುದು ಆಕೆಯ ಕೆಲಸ. ಮರಳು ಕೆದಕುವ ಕೋರಿಯನ್ನು ತೋರಿಸಿ, "ನೋಡು ಮಗಳೇ, ಇವನೂ ನನ್ನ ಹಾಗೇ ನೆಲ ಗುಡಿಸೋನು. ರಜಾನೂ ಇಲ್ಲ ಪಾಪ" ಅನ್ನುತ್ತಿದ್ದರು. ಟೋಕನ್ ಅಕ್ಕನನ್ನು ಮಗಳೇ ಅಂತ ಕರೆಯುವವರು ಆಗ ಬೇರೆ ಯಾರೂ ಇರಲಿಲ್ಲ. ಅವಳ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಹೀಗಿರುವಾಗ ಡಾಕ್ಟರು ಕ್ಲಿನಿಕ್ಕಿಗೆ ಹೊಸ ಬಣ್ಣ ಹೊಡೆಸಿದರು. ಸೋಮವಾರ ಫೋಟೋ ತೆಗೆಯುವವರು ಬರುತ್ತಾರೆ, ಹೊರಗಿನ ಬೋರ್ಡಿಗೆ ಒಳಗಿನ ಚಿತ್ರ ಹಾಕಿಸುವುದು ಅಂತಾಯಿತು. ತೊಟ್ಟಿಯೂ ಚಿತ್ರದಲ್ಲಿ ಬರುತ್ತದೆ ಅಂದಾಗ ಟೋಕನ್ ಅಕ್ಕನಿಗೆ ಒಳಗೊಳಗೇ ಹಿಗ್ಗು. ಇನ್ನಷ್ಟು ಬಣ್ಣ ಇದ್ದರೆ ಚೆಂದ ಅನ್ನಿಸಿ ಶನಿವಾರ ಸಂಜೆ ಅಂಗಡಿಗೆ ಹೋಗಿ ಕಿತ್ತಳೆ ಬಾಲದ ಗಪ್ಪಿ ಆರು ತಂದಳು.

"ಹದಿನೈದು ದಿನ ಬೇರೆ ಇಡಿ ಮೇಡಂ, ಹೊಸ ಲೋಡು, ರೋಗ ಇದ್ರೂ ಇರಬಹುದು" ಅಂದ ಅಂಗಡಿಯವನು.

"ನಂಗೆ ಹೇಳ್ಕೊಡ್ತೀಯಾ" ಅಂತ ಅವಳು ನಕ್ಕಳು.

ಹೊಸ ಮೀನನ್ನು ಬೇರೆ ಇಡಲು ಎಕ್ಸ್‌ರೇ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬು ಇತ್ತು. ಆದರೆ ಬಣ್ಣ ಹೊಡೆಯುವಾಗ ಹಲ್ಲಿನ ಅಚ್ಚುಗಳನ್ನೆಲ್ಲ ಅದರಲ್ಲಿ ತುಂಬಿದ್ದರು. ಅದನ್ನು ಖಾಲಿ ಮಾಡಿ ತೊಳೆಯಬೇಕು. ಅಲ್ಲದೆ ಹದಿನೈದು ದಿನ ಬೇರೆ ಇಟ್ಟರೆ ಫೋಟೋದಲ್ಲಿ ಬರುವುದು ಹೇಗೆ. ಮೀನುಗಳೂ ಲವಲವಿಕೆಯಿಂದಲೇ ಇದ್ದವು. ಅವಳು ಚೀಲವನ್ನು ತೊಟ್ಟಿಯ ನೀರಲ್ಲಿ ಅರ್ಧ ಗಂಟೆ ತೇಲಿಬಿಟ್ಟು, ಗಂಟು ಬಿಚ್ಚಿ, ಬಿಟ್ಟೇಬಿಟ್ಟಳು.

ಫೋಟೋ ಚೆನ್ನಾಗಿ ಬಂತು. ಮಂಗಳವಾರ ಒಂದು ಗಪ್ಪಿಯ ಬಾಲದ ಮೇಲೆ ಉಪ್ಪಿನ ಹರಳಿನಂಥ ಚುಕ್ಕಿ ಕಂಡಿತು. ಬುಧವಾರ ನಿಯಾನ್‌ಗಳ ಮೈಮೇಲೆಲ್ಲ ಚುಕ್ಕಿ. ಮೀನುಗಳು ಕಲ್ಲಿಗೆ ಮೈ ತಿಕ್ಕತೊಡಗಿದವು. ಬಿಳಿ ಚುಕ್ಕಿ ರೋಗ ಅವಳಿಗೆ ಗೊತ್ತಿಲ್ಲದ್ದಲ್ಲ. ಎಲ್ಲಿಂದ ಬಂತು ಅನ್ನುವುದೂ ಗೊತ್ತಿಲ್ಲದ್ದಲ್ಲ. ಸಂಜೆ ಕೊನೆಯ ರೋಗಿ ಹೋಗುವುದನ್ನೇ ಕಾದಿದ್ದು, ಹಸಿರು ಔಷಧಿಯ ಸೀಸೆ ತೆಗೆದಳು. ಟೆಟ್ರಾ, ಕೋರಿಯಂಥ ಮೀನುಗಳಿದ್ದರೆ ಅರ್ಧ ಪ್ರಮಾಣ ಮಾತ್ರ ಅಂತ ಅದರ ಮೇಲೆ ಬರೆದಿತ್ತು. ಅದನ್ನೂ ಅವಳು ಹಿಂದೆ ಎಷ್ಟೋ ಸಲ ಓದಿದ್ದಳು. ಆದರೆ ಆ ಸಂಜೆ, ಯಾರಿಗೂ ಗೊತ್ತಾಗುವ ಮುಂಚೆ ವಾಸಿಯಾಗಿಬಿಡಲಿ ಅನ್ನುವ ಧಾವಂತಕ್ಕೆ ಒಂದು ಮುಚ್ಚಳ ಸುರಿದಳು. ಮನಸ್ಸು ತಡೆಯದೆ ಇನ್ನೊಂದು ಸುರಿದಳು. ಸೀಸೆಯನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಬೆಳಗ್ಗೆ ಏಳೂಕಾಲಿಗೆ ದೊಡ್ಡಮ್ಮನ ಫೋನು. "ಮಗಳೇ, ಬೇಗ ಬಾ. ಮೀನೆಲ್ಲ ಮಲಗಿಬಿಟ್ಟಿದ್ದಾವೆ."

ಅವಳು ಓಡಿ ಬಂದಾಗ ಒಂದೂ ಉಳಿದಿರಲಿಲ್ಲ. ಇಪ್ಪತ್ತೊಂಬತ್ತು. ಎಣಿಸಿ ಎಣಿಸಿ ಬಲೆಯಲ್ಲಿ ಎತ್ತಿದಳು. ಗೌರಾಮಿ ಜೋಡಿ ಒಂದೇ ಮೂಲೆಯಲ್ಲಿತ್ತು. ದೊಡ್ಡಮ್ಮ ಪಕ್ಕದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಡಾಕ್ಟರು ಬಂದರು. ಬಗ್ಗಿ ನೋಡಿದರು, ಮೂಸಿದರು. ನೆಲ ಆಗಷ್ಟೇ ಒರೆಸಿದ್ದರಿಂದ ಕೋಣೆಯೆಲ್ಲ ಫಿನಾಯಿಲ್ ವಾಸನೆ. ತೊಟ್ಟಿಯ ಪಕ್ಕದಲ್ಲೇ ದೊಡ್ಡಮ್ಮನ ಹಸಿರು ಫಿನಾಯಿಲ್ ಡಬ್ಬಿ.

"ನೀರು ಹಸಿರಿದೆಯಲ್ಲ" ಅಂದರು ಡಾಕ್ಟರು. "ದೊಡ್ಡಮ್ಮ, ಫಿನಾಯಿಲ್ ಏನಾದ್ರೂ ಬಿತ್ತಾ ಇದರೊಳಗೆ? ನಿನ್ನೆ ಮೇಲಿನ ಗಾಜು ಒರೆಸಿದ್ರಿ ಅಲ್ವಾ?"

ದೊಡ್ಡಮ್ಮ ಸೆರಗು ಕೆಳಗೆ ಬಿಟ್ಟು ಡಬ್ಬಿಯತ್ತ ನೋಡಿದರು. "ಇಲ್ಲ ಸ್ವಾಮಿ. ಒರೆಸಿದ್ದು ಬರೀ ನೀರಲ್ಲಿ. ಬಟ್ಟೆ... ಬಟ್ಟೆ ಯಾವುದು ತಗೊಂಡ್ನೋ."

ಆ ಹೊತ್ತಿಗೆ ಒಂದು ಮಾತು ಸಾಕಿತ್ತು. ಟೋಕನ್ ಅಕ್ಕನ ಕೈಯಲ್ಲಿ ಬಲೆ ಇತ್ತು, ಕೈಚೀಲದಲ್ಲಿ ಸೀಸೆ ಇತ್ತು, ಗಂಟಲಲ್ಲಿ ಮಾತೂ ಇತ್ತು. ನಾಲಿಗೆ ಹೊರಳಲಿಲ್ಲ. ಡಾಕ್ಟರೇನು ಕೂಗಾಡುವವರಲ್ಲ. "ಹೋಗ್ಲಿ ಬಿಡಿ, ವಯಸ್ಸಾಯ್ತು. ಇನ್ಮೇಲೆ ತೊಟ್ಟಿ ಹತ್ರ ಹೋಗ್ಬೇಡಿ" ಅಂದು ಒಳಗೆ ಹೋದರು. ದೊಡ್ಡಮ್ಮ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹೌದೇನೋ ಮಗಳೇ. ಈಚೀಚೆಗೆ ಮರೆವು ಜಾಸ್ತಿ. ಕೈಯೂ ನಡುಗುತ್ತೆ. ನಾನೇ ಕೊಂದ್ನೇನೋ" ಅಂದರು.

"ಇರ್ಲಿ ಬಿಡಿ ದೊಡ್ಡಮ್ಮ" ಅಂದಳು ಟೋಕನ್ ಅಕ್ಕ. ಆಮೇಲೆ ಯಾವಾಗ ನೆನೆಸಿಕೊಂಡರೂ ಅವಳ ಮೈ ಉರಿಯುತ್ತಿದ್ದದ್ದು ಈ ಮಾತಿಗೆ. ಸುಮ್ಮನಿದ್ದದ್ದು ಒಂದಾದರೆ, ಅಪರಾಧ ತನ್ನದಾಗಿದ್ದೂ ದೊಡ್ಡ ಮನಸ್ಸು ಮಾಡಿದವಳ ಹಾಗೆ ಕ್ಷಮಿಸಿದ್ದು ಇನ್ನೊಂದು.

ಹದಿನೈದು ದಿನಕ್ಕೆ ದೊಡ್ಡಮ್ಮ ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ. "ಡಾಕ್ಟರ ಸಾಮಾನೆಲ್ಲ ಸೂಕ್ಷ್ಮ. ನನ್ನ ಕೈ ನಂಬೋ ಹಾಗಿಲ್ಲ" ಅಂದು ಬೀಗದ ಕೈಯನ್ನು ಟೋಕನ್ ಅಕ್ಕನ ಮೇಜಿನ ಮೇಲಿಟ್ಟು ಹೋದರು.

ಮೀನು ಸತ್ತ ವಾರವೇ ಮನೆಯಲ್ಲಿ ಅವಳ ಗಂಡ, ಟೈಲರು, ಹೊಲಿಗೆ ಯಂತ್ರದಿಂದ ತಲೆಯೆತ್ತಿ, "ಏನೇ, ನಾಲ್ಕು ದಿನದಿಂದ ತಟ್ಟೇಲಿ ಕೈಯಾಡಿಸಿ ಏಳ್ತಿದ್ದೀಯ" ಅಂದಾಗ, "ಮೀನು ಸತ್ತೋದ್ವು. ಫಿನಾಯಿಲ್ ಬಿದ್ದಿತ್ತಂತೆ" ಅಂದುಬಿಟ್ಟಳು. ಸುಳ್ಳು ಹೀಗೆ ಮನೆಗೂ ಬಂತು. ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು, ಇಷ್ಟು ಸಲೀಸಾಗಿ ಬಂತಲ್ಲ ಅಂತ.

ತೊಟ್ಟಿಯನ್ನು ತೊಳೆದು ಮತ್ತೆ ಮೊದಲಿಂದ ಶುರು ಮಾಡಿದಳು. ಈ ಸಲ ಹೊಸ ಮೀನನ್ನು ಹದಿನೈದಲ್ಲ, ಮೂವತ್ತು ದಿನ ಟಬ್ಬಿನಲ್ಲಿಟ್ಟಳು. ದಿನಾ ಭೂತಗನ್ನಡಿ ಹಿಡಿದು ಒಂದೊಂದರ ಮೈ ನೋಡಿದಳು. ಡಾಕ್ಟರು ಅದನ್ನು ಕಂಡು, "ನಿಮ್ಮಷ್ಟು ಶ್ರದ್ಧೆ ಯಾರಿಗೂ ಇಲ್ಲ" ಅಂದರು. ಆ ಹೊಗಳಿಕೆ ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಿತ್ತು. ಮೀನು ಕೊಂದವರ ಮುಖವನ್ನು ಡಾಕ್ಟರು ದಿನಾ ನೋಡುತ್ತಿದ್ದರು, ನಮಸ್ಕಾರ ಅನ್ನುತ್ತಿದ್ದರು.

ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ದೊಡ್ಡಮ್ಮನ ಸೊಸೆ ಹಲ್ಲುನೋವು ಅಂತ ಬಂದಳು. ಸೊಂಟದ ಮೇಲೆ ಎಂಟು ತಿಂಗಳ ಕೂಸು. ಒಳಗೆ ಕರೆದಾಗ ಕೂಸನ್ನು ಟೋಕನ್ ಅಕ್ಕನ ಮಡಿಲಿಗೆ ಹಾಕುತ್ತ, "ಸ್ವಲ್ಪ ಹಿಡ್ಕೊಳ್ಳಿ ಅಕ್ಕ" ಅಂದಳು.

"ಮನೇಲಿ ದೊಡ್ಡಮ್ಮನ ಹತ್ರ ಬಿಟ್ಟು ಬರಬಾರದಿತ್ತಾ?"

"ಅತ್ತೆ ಎತ್ಕೊಳ್ಳಲ್ಲ ಅಕ್ಕ. ಪಕ್ಕದಲ್ಲಿ ಕೂತು ಹಾಡ್ತಾರೆ, ಎತ್ಕೊಳ್ಳಿ ಅಂದ್ರೆ ಕೈ ಹಿಂದಕ್ಕೆ ಎಳ್ಕೋತಾರೆ. ನನ್ನ ಕೈ ನಂಬೋ ಹಾಗಿಲ್ಲ ಅಂತಾರೆ. ಒಲೆ ಹತ್ರಾನೂ ಬರಲ್ಲ. ಮುಂಚೆ ಹೀಗಿರಲಿಲ್ಲ."

ಸೊಸೆ ಒಳಗೆ ಹೋದಳು. ಕೂಸು ಟೋಕನ್ ಅಕ್ಕನ ಬೆರಳು ಹಿಡಿದುಕೊಂಡು ತೊಟ್ಟಿಯ ಕಡೆ ನೋಡುತ್ತಿತ್ತು. ಅವಳಿಗೆ ಆ ಮೆತ್ತನೆ ಹಿಡಿತ ಬಿಡಿಸಿಕೊಳ್ಳಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ಆ ವಾರದ ಭಾನುವಾರ ಮಧ್ಯಾಹ್ನ ದೊಡ್ಡಮ್ಮನ ಮನೆಗೆ ಹೋದಳು. ಎರಡು ಕೋಣೆಯ ಮನೆ, ಬಾಗಿಲಲ್ಲಿ ಒಣಗಿದ ಬಟ್ಟೆಯ ರಾಶಿ. ದೊಡ್ಡಮ್ಮ ಅದನ್ನು ಮಡಚುತ್ತ ಕೂತಿದ್ದರು. "ಬಾ ಮಗಳೇ, ಬಾ. ಮೀನು ಹೇಗಿದ್ದಾವೆ?" ಅಂದರು.

ಕೂರುವ ಮುಂಚೆಯೇ ಹೇಳಿದಳು. ಕೂತರೆ ಹೇಳಲಾಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಗಪ್ಪಿ ತಂದದ್ದು, ಬೇರೆ ಇಡದೆ ಬಿಟ್ಟದ್ದು, ಚುಕ್ಕಿ, ಎರಡು ಮುಚ್ಚಳ ಔಷಧಿ. "ನಿಮ್ಮ ಕೈದೇನೂ ತಪ್ಪಿಲ್ಲ ದೊಡ್ಡಮ್ಮ. ಹಸಿರಿದ್ದದ್ದು ನನ್ನ ಔಷಧಿ."

ದೊಡ್ಡಮ್ಮ ಕೈಯಲ್ಲಿದ್ದ ಲಂಗವನ್ನು ಮಡಚಿ ಮುಗಿಸಿದರು. ಅಂಚು ಸರಿಮಾಡಿದರು.

"ಆವತ್ತು ಡಾಕ್ಟರು ಕೇಳುವಾಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನಾನು ಕೆಲಸ ಬಿಟ್ಟು ಬೀಗದ ಕೈ ಕೊಡುವಾಗ?"

"ಆಗ್ಲೂ ಗೊತ್ತಿತ್ತು."

ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಕೂಸು ಹುಟ್ಟಿದಾಗ ಮೊದಲು ಎತ್ಕೊಂಡಿದ್ದು ನಾನೇ" ಅಂದರು. "ಮೂರು ತಿಂಗಳು ನನ್ನ ತೋಳ ಮೇಲೇ ಮಲಗ್ತಿತ್ತು. ಆಮೇಲೆ ಮುಟ್ಟಿಲ್ಲ." ಇನ್ನೊಂದು ಬಟ್ಟೆ ತೆಗೆದುಕೊಂಡರು. "ಡಾಕ್ಟರಿಗೆ ಹೇಳಿ ನೀವು. ಅಷ್ಟು ಮಾಡಿ ಸಾಕು."

ನೀವು ಅಂದಿದ್ದರು. ಟೋಕನ್ ಅಕ್ಕನಿಗೆ ಅದು ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ನಿಲ್ಲಲಾಗಲಿಲ್ಲ. ಬರ್ತೀನಿ ದೊಡ್ಡಮ್ಮ ಅಂದು ಹೊರಟಳು. ಅವರು ತಡೆಯಲಿಲ್ಲ.

ಅವತ್ತು ಮನೆಯಲ್ಲಿ ಗಂಡನಿಗೂ ನಿಜ ಹೇಳಿದಳು. ಅವನು ಸೂಜಿಗೆ ದಾರ ಪೋಣಿಸುತ್ತಿದ್ದವನು ನಿಲ್ಲಿಸಿ, "ಹಾಗಾದ್ರೆ ಐದು ತಿಂಗಳಿಂದ ನೀನು ಊಟ ಬಿಟ್ಟಿದ್ದು ಮೀನಿಗಲ್ಲ" ಅಂದ, ಅಷ್ಟೇ.

ಸೋಮವಾರ ಡಾಕ್ಟರು ಕೈಗವಸು ಹಾಕಿಕೊಳ್ಳುವ ಮುಂಚೆ ಒಳಗೆ ಹೋಗಿ ಹೇಳಿದಳು. ಕೆಲಸ ಹೋದರೆ ಹೋಗಲಿ ಅಂತ ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ಡಾಕ್ಟರು ಕುರ್ಚಿಯ ಮೇಲೆ ಕೂತು ಕೇಳಿದರು.

"ಆವತ್ತೇ ಹೇಳಿದ್ರೆ ಏನಾಗ್ತಿತ್ತಮ್ಮ? ಎರಡು ನಿಮಿಷ ಗೊಣಗ್ತಿದ್ದೆ, ಮುಗೀತಿತ್ತು."

ಎರಡು ನಿಮಿಷದ ಗೊಣಗಾಟಕ್ಕೆ ಹೆದರಿ ಒಬ್ಬ ಮುದುಕಿಯ ಕೈಯನ್ನೇ ಕಿತ್ತುಕೊಂಡಿದ್ದೆ ಅನ್ನುವುದು ಆ ಕೋಣೆಯಲ್ಲಿ ನಿಂತಾಗಲೇ ಅವಳಿಗೆ ಪೂರ್ತಿ ಕಂಡಿತು. ಡಾಕ್ಟರು ತಾವೇ ದೊಡ್ಡಮ್ಮನಿಗೆ ಫೋನು ಮಾಡಿದರು. "ತಪ್ಪು ನಂದೂ ಇದೆ, ವಾಸನೆ ನೋಡಿ ಮಾತಾಡಿದೆ. ವಾಪಸು ಬನ್ನಿ" ಅಂದರು. ದೊಡ್ಡಮ್ಮ ಚೆನ್ನಾಗಿಯೇ ಮಾತಾಡಿದರಂತೆ. ಆದರೆ ಬರಲಿಲ್ಲ. "ಕೂಸು ನೋಡ್ಕೋಬೇಕು ಸ್ವಾಮಿ" ಅಂದರಂತೆ.

ಅದು ನಿಜವೇ ಆಗಿತ್ತು. ಮುಂದಿನ ತಿಂಗಳು ಸೊಸೆ ಹಲ್ಲಿನ ಕುಳಿ ತುಂಬಿಸಿಕೊಳ್ಳಲು ಬಂದಾಗ ಒಬ್ಬಳೇ ಇದ್ದಳು. ಕೇಳುವ ಧೈರ್ಯ ಟೋಕನ್ ಅಕ್ಕನಿಗೆ ಇರಲಿಲ್ಲ. ಸೊಸೆಯೇ, "ಅತ್ತೆ ಈಗ ಮಗೂನ ನನ್ನ ಕೈಗೇ ಕೊಡಲ್ಲ" ಅಂತ ನಗುತ್ತ ಹೇಳಿ ಬಿಲ್ಲೆ ತೆಗೆದುಕೊಂಡಳು. ಟೋಕನ್ ಅಕ್ಕ ತಲೆ ತಗ್ಗಿಸಿ ಹೆಸರು ಬರೆದಳು. ಮನಸ್ಸು ಹಗುರಾಗಬೇಕಿತ್ತು, ಆಯಿತು ಕೂಡ. ಆದರೆ ಸ್ವಲ್ಪ ಮಾತ್ರ. ದೊಡ್ಡಮ್ಮನ ಮನೆಯ ಬೀದಿ ಬಂದರೆ ಈಗಲೂ ಅವಳು ಆಚೆ ಬದಿಗೆ ದಾಟಿ ನಡೆಯುತ್ತಾಳೆ.

ತೊಟ್ಟಿಯಲ್ಲಿ ಈಗ ಹದಿನೆಂಟು ಮೀನು. ಮೊನ್ನೆ ದವಡೆ ಹಲ್ಲು ಕೀಳಿಸಲು ಬಂದ ಬಸ್ ಡ್ರೈವರ್ ಒಬ್ಬರು ಬಹಳ ಹೊತ್ತು ನೋಡುತ್ತ ಕೂತಿದ್ದು, "ಮುಂಚೆ ಜೇನು ಬಣ್ಣದ್ದು ಒಂದು ಜೋಡಿ ಇತ್ತಲ್ಲ ಅಕ್ಕ, ಏನಾಯ್ತು? ಕಾಯಿಲೆ ಬಂತಾ?" ಅಂತ ಕೇಳಿದರು.

"ಕಾಯಿಲೆ ತಂದೋಳು ನಾನೇ" ಅಂದಳು ಟೋಕನ್ ಅಕ್ಕ. "ಔಷಧಿ ಜಾಸ್ತಿ ಹಾಕಿ ಕೊಂದೋಳೂ ನಾನೇ."

ಡ್ರೈವರ್ ಕೆನ್ನೆ ಹಿಡಿದುಕೊಂಡು ಅವಳ ಮುಖ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಕರೆಗಂಟೆ ಆಯಿತು, ಅವಳು ಅವರ ನಂಬರು ಕೂಗಿದಳು.